ಲೆಕ್ಕದ ಯಂತ್ರಕ್ಕೆ ಭಂಡಾರ

ಬಾಗಲಕೋಟೆಯ ಕಾಲೇಜಿಗೆ ಲೆಕ್ಕದ ಯಂತ್ರ ಬಂದಂದಿನಿಂದ ಮಧುಸೂದನರಾಯರಿಗೆ ಊಟ ಸೇರುತ್ತಿರಲಿಲ್ಲ. ಅಲ್ಲಿಯವರೆಗೆ ಕಾಲೇಜಿನ ಲೆಕ್ಕದ ಯಂತ್ರ ಅವರೇ ಆಗಿದ್ದರು. ಮಳೆಯ ಸರಾಸರಿ ಇರಲಿ, ಹತ್ತಿಯ ಇಳುವರಿ ಇರಲಿ, ಎಲ್ಲ ವಿಭಾಗದವರೂ ಗಣಿತದ ರಾಯರ ಮೇಜಿನ ಮುಂದೆ ಬಂದು ನಿಲ್ಲಬೇಕಿತ್ತು. ರಾಯರು ನಶ್ಯ ಏರಿಸಿ, ಲಾಗರಿದಮ್ ಕೋಷ್ಟಕ ತೆರೆದು, ಬಂದವರನ್ನು ಚೆನ್ನಾಗಿ ಕಾಯಿಸಿ ಉತ್ತರ ಕೊಡುತ್ತಿದ್ದರು. ಹಾಗೆ ಕಾಯಿಸುವುದರಲ್ಲೇ ಅವರ ಸುಖವೆಲ್ಲ ಇತ್ತು.

ಈಗ ವಿಶ್ವವಿದ್ಯಾಲಯ ಕಳಿಸಿಕೊಟ್ಟ ಆ ಕಬ್ಬಿಣದ ಪೆಟ್ಟಿಗೆ ಬಂದು ಕೂತಿತು. ಅಂಕಿಗಳನ್ನು ಸರಿಸಿ ಹಿಡಿಕೆ ತಿರುವಿದರೆ ಸಾಕು, ಕರಕರ ಸದ್ದು ಮಾಡಿ ಉತ್ತರ ತೋರಿಸುತ್ತಿತ್ತು. ಅದರ ಕೋಣೆಯ ಕೀಲಿಕೈಯನ್ನು ಪ್ರಿನ್ಸಿಪಾಲ ಪಂಢರೀನಾಥರು ರಾಯರಿಗೆ ಕೊಡದೆ ಮಲಕಪ್ಪನಿಗೆ ಕೊಟ್ಟರು. ಮಲಕಪ್ಪ ಹುನಗುಂದದ ಕಡೆಯ ಕುರಿಗಾರರ ಮನೆಯವನು. ಪುಣೆಯಲ್ಲಿ ಸಂಖ್ಯಾಶಾಸ್ತ್ರ ಓದಿ ಹೊಸದಾಗಿ ಅಧ್ಯಾಪಕನಾಗಿ ಬಂದವನು. ನಕ್ಕರೆ ಓಣಿಗೆಲ್ಲ ಕೇಳಬೇಕು, ಹಾಗೆ ನಗುವವನು. ಯಾರು ಬಂದರೂ "ಬರ್ರಿ, ನೀವೂ ಒಂದ್ ಸಲ ತಿರುವ್ರಿ" ಎಂದು ಹಿಡಿಕೆಯನ್ನು ಅವರ ಕೈಗೇ ಕೊಟ್ಟುಬಿಡುತ್ತಿದ್ದ. ಗೋಡೆಯ ಆಚೆ ಕೂತ ರಾಯರಿಗೆ ಆ ನಗು ಕೇಳಿದಾಗಲೆಲ್ಲ ಹೊಟ್ಟೆಯಲ್ಲಿ ಕೆಂಡ ಸುರಿದಂತಾಗುತ್ತಿತ್ತು. ಅವರ ಮೇಜಿನ ಮುಂದೆ ಈಗ ನೊಣವೂ ನಿಲ್ಲುತ್ತಿರಲಿಲ್ಲ. ಆ ಕೀಲಿಕೈ ತಮ್ಮ ಜೇಬಿಗೆ ಬಂದರೆ ಹೋದ ಮಾನವೆಲ್ಲ ಬಂದಂತೆ ಎಂದು ಅವರು ನಂಬಿದ್ದರು.

ಆಯುಧ, ಉಪಕರಣಗಳನ್ನು ಪೂಜಿಸುವ ಖಂಡೇಪೂಜೆ ಬಂತು. ಪ್ರಯೋಗಶಾಲೆಯ ತಕ್ಕಡಿಗೂ ಕಚೇರಿಯ ಟೈಪ್‌ರೈಟರಿಗೂ ಹೂ ಏರಿಸಿದರು. ಮಲಕಪ್ಪನ ತಾಯಿ ಬೋರವ್ವ ಮನೆದೇವರು ಬೀರಪ್ಪನ ಭಂಡಾರದ ಚೀಲ ಹಿಡಿದು ಮಗನ ಯಂತ್ರ ನೋಡಲು ಬಂದಳು. ದೇವರ ಅರಿಶಿನದ ಪುಡಿ ಬೀಳದ ವಸ್ತು ಬಾಳಿಕೆ ಬರುವುದಿಲ್ಲವೆಂಬುದು ಆಕೆಯ ನಂಬಿಕೆ. ಮಲಕಪ್ಪ ಬಾಗಿಲಲ್ಲಿ ಯಾರಿಗೋ ಸಕ್ಕರೆ ಹಂಚುತ್ತಿದ್ದ. ಬೋರವ್ವ ಯಂತ್ರದ ನೆತ್ತಿಗೆ ಒಂದು ಚಿಟಿಕೆ ಇಟ್ಟು, ಪೂಜೆಗೆಂದು ಬಂದು ಪಕ್ಕದಲ್ಲಿ ನಿಂತಿದ್ದ ರಾಯರ ಮುಖ ನೋಡಿದಳು.

"ಇಷ್ಟ ಸಾಕೇನ್ರೀ ಮಾಸ್ತರ್ರ?"

ಯಂತ್ರದ ನೆತ್ತಿಯಲ್ಲಿ ಸೀಳುಗಳಿವೆ, ಒಳಗೆ ಎಣ್ಣೆ ಹಚ್ಚಿದ ಹಲ್ಲುಚಕ್ರಗಳಿವೆ ಎಂಬುದು ರಾಯರಿಗೆ ಚೆನ್ನಾಗಿ ಗೊತ್ತಿತ್ತು. ಸಾಕು ಎನ್ನುವ ಮಾತು ನಾಲಿಗೆಯವರೆಗೂ ಬಂದಿತ್ತು. ಬಾಗಿಲಿನಿಂದ ಮಲಕಪ್ಪನ ನಗು ಕೇಳಿಸಿತು.

"ದೇವರ ಕೆಲಸಕ್ಕ ಜಿಪುಣತನ ಯಾಕ ಬೋರವ್ವ? ಇನ್ನೊಂದೀಟು ಹಾಕು," ಎಂದರು ರಾಯರು.

ಆಕೆ ಸಂತೋಷದಿಂದ ಮುಷ್ಟಿ ತುಂಬ ಸುರಿದಳು.

ವಾರ ಕಳೆಯುವುದರೊಳಗೆ ಎಣ್ಣೆಯೂ ಪುಡಿಯೂ ಕಲೆತು ಚಕ್ರಗಳು ಕಚ್ಚಿಕೊಂಡವು. ಹಿಡಿಕೆ ಅರ್ಧಕ್ಕೇ ನಿಂತಿತು. ಪಂಢರೀನಾಥರು ಕೆಂಡಾಮಂಡಲವಾದರು. ಈ ಪುಡಿ ಹಾಕಿದವರು ಯಾರೆಂದು ಅಧ್ಯಾಪಕರೆಲ್ಲರ ಎದುರಿಗೆ ಕೇಳಿದರು. ರಾಯರು ತಲೆ ಬಗ್ಗಿಸಿ ನಶ್ಯದ ಡಬ್ಬಿ ಹುಡುಕತೊಡಗಿದರು.

"ನಾನರೀ ಸರ್," ಎಂದ ಮಲಕಪ್ಪ.

ಯಂತ್ರ ರಿಪೇರಿಗೆ ಹುಬ್ಬಳ್ಳಿಗೆ ಹೋಗಿಬಂತು. ಕೀಲಿಕೈ ಮಲಕಪ್ಪನ ಕೈ ತಪ್ಪಿ ರಾಯರಿಗೆ ಬಂತು. ಅಂದು ರಾಯರು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು. ಮರುದಿನವೇ ಅರ್ಥಶಾಸ್ತ್ರದವರು ಒಂದು ಭಾಗಾಕಾರ ತಂದರು. ರಾಯರು ಗತ್ತಿನಿಂದ ಹಿಡಿಕೆ ತಿರುವಿದರು. ಯಂತ್ರದೊಳಗಿನ ಗಂಟೆ ಟಿಣ್ ಎಂದಿತು. ಮತ್ತೆ ತಿರುವಿದರೆ ಉತ್ತರದ ಅಂಕಿಮನೆಗಳಲ್ಲೆಲ್ಲ ಒಂಬತ್ತೋ ಒಂಬತ್ತು! ಹಮ್ಮಿನಿಂದಾಗಿ ಅವರು ಅದನ್ನು ಒಮ್ಮೆಯೂ ಮುಟ್ಟಿ ಕಲಿತಿರಲಿಲ್ಲ. ಬಂದವರನ್ನು ನಾಳೆ ಬರಲು ಹೇಳಿ ಸಾಗಹಾಕಿ, ಕೊನೆಗೆ ನಾಚಿಕೆ ಬಿಟ್ಟು ಮಲಕಪ್ಪನನ್ನೇ ಕರೆದರು.

ಅವನು ಬಂದು ಪಕ್ಕದಲ್ಲಿ ನಿಂತ. "ಗಂಟಿ ಹೊಡೀತು ಅಂದ್ರ ಹೆಚ್ಚಾತು ಅಂತ ಅರ್ಥರೀ. ಒಂದ್ ಸುತ್ತು ಹಿಂದಕ್ಕ ತಿರುವ್ರಿ, ಆಮ್ಯಾಲೆ ಮುಂದಿನ ಮನಿಗೆ ಸರಸ್ರಿ." ಈ ಸಲ ಅವನು ನಗಲಿಲ್ಲ. ಉತ್ತರ ಬಂದ ಮೇಲೆ ಮೆಲ್ಲಗೆ ಹೇಳಿದ:

"ಅವತ್ತ ನೀವು ಅವ್ವಗ 'ಇನ್ನೊಂದೀಟು ಹಾಕು' ಅಂದಿದ್ದು ನಾ ಕೇಳೀನ್ರಿ."

ರಾಯರ ಕೈ ಹಿಡಿಕೆಯ ಮೇಲೇ ಉಳಿಯಿತು. "ಮತ್ತ ಸಾಹೇಬರ ಮುಂದ ಯಾಕ ಹೇಳಲಿಲ್ಲೋ?"

"ಹೇಳಿದ್ರ ಅವ್ವಗೂ ಗೊತ್ತಾಗತಿತ್ತಲ್ರೀ. ಅಷ್ಟ ದೊಡ್ಡ ಮಾಸ್ತರು ನಮ್ಮ ಭಂಡಾರಕ್ಕ ಮರ್ಯಾದಿ ಕೊಟ್ರು ಅಂತ ಆಕಿ ಕಂಡಕಂಡವರ ಮುಂದ ಹೇಳ್ಕೋತ ಅಡ್ಡ್ಯಾಡಾಕತ್ಯಾಳ." ಅವನು ಎಲೆಯಲ್ಲಿ ಕಟ್ಟಿದ ಬೆಣ್ಣೆಯ ಉಂಡೆಯನ್ನು ಮೇಜಿನ ಮೇಲಿಟ್ಟ. "ನಿಮಗ ಕೊಡು ಅಂತ ಕಳಿಸ್ಯಾಳ. ಒಲ್ಲೆ ಅನಬ್ಯಾಡ್ರಿ. ಆಕಿ ನೊಂದ್ಕೋತಾಳ."

ಅವನು ಹೊರಟುಹೋದ. ತಾಯಿಯ ಸಲುವಾಗಿ ಅವನು ಹೇಳಿದಂಥ ಸುಳ್ಳನ್ನು ತಾವು ಯಾರ ಸಲುವಾಗಿಯೂ ಎಂದೂ ಹೇಳಿರಲಿಲ್ಲ ಎಂದು ರಾಯರಿಗೆ ಅನಿಸಿತು. ಕೀಲಿಕೈ ಇಲ್ಲದಾಗಲೂ ಅವರಿಗೆ ಮಲಕಪ್ಪನ ಮೇಲೆ ಇಷ್ಟು ಹೊಟ್ಟೆಕಿಚ್ಚಾಗಿರಲಿಲ್ಲ. ಎಲೆಯ ಅಂಚಿನಿಂದ ಬೆಣ್ಣೆ ಕರಗತೊಡಗಿತ್ತು. ಅವರು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮನೆಗೆ ಹೊರಟರು.