ಮುಂದೆ ಹಿಡಿದ ಪೊರಕೆ

"ನಿಲ್ಲಿ, ನಿಲ್ಲಿ. ತಲೆ ಕಡೆ ಎತ್ತಿ. ಇನ್ನೂ ಸ್ವಲ್ಪ."

ಎರಡನೇ ಮಹಡಿಯ ತಿರುವಿನಲ್ಲಿ ಪೆಟ್ಟಿಗೆ ಸಿಕ್ಕಿಕೊಂಡಿತ್ತು. ಮೇಲೆ ಇಬ್ಬರು, ಕೆಳಗೆ ಇಬ್ಬರು. ಕೆಳಗಿನ ಎಡಮೂಲೆ ಹಿಡಿದಿದ್ದ ಬಸ್ ಚಾಲಕನ ಬೆರಳುಗಳು ಗೋಡೆಗೂ ಮರಕ್ಕೂ ನಡುವೆ ಒತ್ತಿಹೋಗಿದ್ದವು.

"ಹನ್ನೆರಡು ಮೀಟರ್ ಬಸ್ಸನ್ನ ರಿವರ್ಸ್ ತಗೋತೀಯ, ಆರಡಿ ಪೆಟ್ಟಿಗೆ ತಿರುಗಿಸೋಕೆ ಬರಲ್ವೇನಯ್ಯ?" ಎಂದ ಮೇಲಿನಿಂದ ಸತ್ತವನ ಭಾವಮೈದ.

"ಬಸ್ಸಿಗೆ ಕನ್ನಡಿ ಇರುತ್ತೆ."

ಒಬ್ಬಿಬ್ಬರು ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡರು.

"ನಗ್ರಪ್ಪ, ಅವರೇನು ಬೇಜಾರು ಮಾಡ್ಕೊಳಲ್ಲ," ಎಂದಳು ಬಾಗಿಲಲ್ಲಿ ನಿಂತಿದ್ದ ಸತ್ತವನ ಹೆಂಡತಿ. ಅವಳ ಕಂಕುಳಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಉದ್ದನೆಯ ಕಟ್ಟೊಂದಿತ್ತು.

"ಬೇರೆ ಯಾರಾದ್ರೂ ಹಿಡೀಲಾ ಅತ್ತಿಗೆ? ಕೈ ಜಾರ್ತಿದೆ," ಎಂದ ಚಾಲಕ.

"ಹೊರೋಕೆ ಅಂತ ಬಂದಿದ್ದೀಯಲ್ಲ, ಹೊರು."

ಅವನು ಮೂಲೆಯನ್ನು ಮತ್ತೆ ಬಿಗಿಯಾಗಿ ಹಿಡಿದ.

ಸತ್ತವನಿಗೆ ಐವತ್ತೇಳು ವರ್ಷ. ಬಸ್ ಡಿಪೋದಲ್ಲಿ ಫಿಟ್ಟರ್. ಮಂಗಳವಾರ ಬೆಳಿಗ್ಗೆ ಟೈರ್ ಉಗ್ರಾಣದಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಡಿಪೋದಲ್ಲಿ ಹಿಂದಿನಿಂದ ಎಲ್ಲರೂ ಅವನನ್ನು ಪೊರಕೆ ಅನ್ನುತ್ತಿದ್ದರು, ಎದುರಿಗೆ ಪೊರಕೆಯಣ್ಣ.

ಕೆಳಗೆ ಅಂಗಳದಲ್ಲಿ ಡಿಪೋ ಕಳಿಸಿದ ಡೀಸೆಲ್ ವ್ಯಾನು ಎಂಜಿನ್ ಆರಿಸದೆ ನಿಂತು ಕರಿಹೊಗೆ ಬಿಡುತ್ತಿತ್ತು. ಪಕ್ಕದಲ್ಲಿ ಹೂವಿನ ಚಕ್ರ ಹಿಡಿದ ಡಿಪೋ ಮ್ಯಾನೇಜರ್. ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟ ಮೇಲೆ ಅವರು ಗಂಟಲು ಸರಿಮಾಡಿಕೊಂಡು ಸಂತಾಪದ ಪತ್ರ ಓದಿದರು. ಮೂವತ್ತೊಂದು ವರ್ಷಗಳ ಸೇವೆ, ಸಮಯಪಾಲನೆ, ಸರಳ ಸ್ವಭಾವ. ಆಮೇಲೆ ಈ ಸಾಲು: "ಹೈಡ್ರೋಜನ್ ಪಂಪಿನ ಬಳಿ ನಡೆದ ಒಂದು ಅಜಾಗರೂಕತೆಯನ್ನು ಹೊರತುಪಡಿಸಿದರೆ ಮೃತರ ಸೇವೆಯಲ್ಲಿ ಯಾವ ಕಪ್ಪುಚುಕ್ಕೆಯೂ ಇಲ್ಲ. ಸಂಸ್ಥೆ ಅದನ್ನು ಮರೆತಿದೆ."

"ಇನ್ನೊಂದ್ಸಲ ಓದಿ," ಎಂದಳು ಹೆಂಡತಿ.

ಕೇಳಿಸಿಲ್ಲವೇನೋ ಎಂದುಕೊಂಡು ಮ್ಯಾನೇಜರ್ ಇನ್ನೂ ಗಟ್ಟಿಯಾಗಿ ಓದಿದರು.

"ಮರೆತಿದೀವಿ ಅಂತ ಬರ್ಕೊಂಡು ಬಂದಿದೀರಲ್ಲ ಸಾರ್."

"ಒಳ್ಳೇ ಅರ್ಥದಲ್ಲೇ ಬರೆದಿದ್ದಮ್ಮ."

"ಹಾಗಾದ್ರೆ ಆ ಸಾಲು ಹೊಡೆದುಹಾಕಿ."

"ನಾನು ಹೇಗೆ ಹೊಡೀಲಿ? ತನಿಖಾ ವರದೀಲಿರೋದು. ಸಾಕ್ಷಿ ಸಹಿ ಇದೆ." ಮ್ಯಾನೇಜರ್ ದನಿ ತಗ್ಗಿಸಿದರು. "ಹೋಗೋ ಹೊತ್ತಲ್ಲಿ ಇದೆಲ್ಲ ಯಾಕೆ?"

"ಹೋಗ್ತಿರೋದಕ್ಕೇ. ಇವತ್ತು ಬಿಟ್ರೆ ನಾಳೆಯಿಂದ ಇವರ ಹೆಸರಿಗೆ ಅಂತ ಉಳಿಯೋದು ಆ ಸಾಲೊಂದೇ."

ಚಾಲಕ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದ.

* * *

ಐದು ವರ್ಷದ ಹಿಂದೆ ಡಿಪೋಗೆ ಹನ್ನೆರಡು ಹೈಡ್ರೋಜನ್ ಬಸ್ಸುಗಳು ಬಂದಿದ್ದವು. ತರಬೇತಿಗೆ ಹೋಗಲು ಫಿಟ್ಟರ್‌ಗಳು ಹಿಂದೇಟು ಹಾಕಿದಾಗ, ಆಗಿನ್ನೂ ಪೊರಕೆ ಎಂದು ಕರೆಸಿಕೊಳ್ಳದಿದ್ದ ಅವನು ಕೈ ಎತ್ತಿದ. ಮೂರು ವಾರ ಕಲಿತು ಬಂದು ಅಡುಗೆಮನೆಯಲ್ಲಿ ಹೆಂಡತಿಗೆ ಪಾಠ ಒಪ್ಪಿಸಿದ.

"ಇದರಲ್ಲಿ ಏನನ್ನೂ ಸುಡಲ್ಲ ಕಣೆ. ಚಾವಣಿ ಮೇಲಿನ ಸಿಲಿಂಡರಿಂದ ಹೈಡ್ರೋಜನ್ ಬರುತ್ತೆ, ಹೊರಗಿನ ಗಾಳಿಯಿಂದ ಆಕ್ಸಿಜನ್. ಫ್ಯೂಯಲ್ ಸೆಲ್ ಒಳಗೆ ಎರಡೂ ಸೇರಿ ಕರೆಂಟ್ ಹುಟ್ಟುತ್ತೆ. ಆ ಕರೆಂಟಲ್ಲಿ ಮೋಟಾರ್ ತಿರುಗುತ್ತೆ. ಹಿಂದೆ ಹೊಗೆ ಇಲ್ಲ, ನೀರು ತೊಟ್ಟಿಕ್ಕುತ್ತೆ."

"ಹೈಡ್ರೋಜನ್ ಎಲ್ಲಿಂದ ಬರುತ್ತೆ?"

"ಅದು ಬರೋ ಕಾರ್ಖಾನೇಲಿ ಹೊಗೆ ಇದೆ," ಎಂದು ಒಪ್ಪಿಕೊಂಡ. "ನಮ್ಮ ಬೀದೀಲಿಲ್ಲ."

ಇಪ್ಪತ್ತಾರು ವರ್ಷ ಅವನ ಅಂಗಿಯ ಡೀಸೆಲ್ ಕಮಟನ್ನು ತೊಳೆದು ತೊಳೆದು ಸೋತಿದ್ದವಳು ಮೊದಲ ತಿಂಗಳಲ್ಲೇ, "ಇದ್ಯಾವ ಗಂಡಸಪ್ಪ ನಮ್ಮನೇಲಿ, ವಾಸನೇನೇ ಇಲ್ಲ," ಎಂದು ರೇಗಿಸಿದಳು.

ವಾಸನೆ ಇಲ್ಲದ್ದೇ ತೊಂದರೆ ಎಂದು ಅವನು ಹೇಳಿದ. ಹೈಡ್ರೋಜನ್ ಸೋರಿದರೆ ಮೂಗಿಗೆ ಗೊತ್ತಾಗುವುದಿಲ್ಲ. ಅಡುಗೆ ಅನಿಲಕ್ಕೆ ಬೆರೆಸುವಂಥ ವಾಸನೆಯನ್ನು ಇದಕ್ಕೆ ಬೆರೆಸಿದರೆ ಸೆಲ್ ಕೆಡುತ್ತದೆ. ಬೆಂಕಿ ಹತ್ತಿದರೂ ಹಗಲಲ್ಲಿ ಜ್ವಾಲೆ ಕಾಣದು. ಪಕ್ಕದಲ್ಲಿ ನಿಂತರೂ ಹೆಚ್ಚು ಶಾಖ ತಟ್ಟದು. ಕಣ್ಣಿಗೆ ಕಾಣದ್ದನ್ನು ಹಿಡಿಯಲು ಪಂಪಿನ ಮೇಲೆ ಡಿಟೆಕ್ಟರ್‌ಗಳಿದ್ದವು. ಪಕ್ಕದ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡಿದಾಗಲೆಲ್ಲ ಆ ಬೆಳಕಿಗೆ ಅವು ಬೆಂಕಿಯೆಂದು ಭ್ರಮಿಸಿ ಪಂಪು ನಿಲ್ಲಿಸುತ್ತಿದ್ದವು. ಬಸ್ಸುಗಳು ತಡವಾದವು. ವೆಲ್ಡಿಂಗ್ ಶೆಡ್ಡಿಗೆ ಒಂದು ತಗಡಿನ ಮರೆ ಕಟ್ಟಿಸಿದ್ದರೆ ಮುಗಿಯುತ್ತಿತ್ತು. ಅದರ ಬದಲು ಹಗಲು ಹೊತ್ತು ಡಿಟೆಕ್ಟರ್‌ಗಳನ್ನೇ ಆರಿಸಿಡಲು ಬಾಯಿಮಾತಿನ ಆದೇಶವಾಯಿತು.

ಅವನು ದೂರು ಪುಸ್ತಕದಲ್ಲಿ ಬರೆದ. ನಲವತ್ತೊಂದು ಸಲ ಬರೆದ. ಪ್ರತಿ ದೂರಿನ ಕೆಳಗೂ ಮ್ಯಾನೇಜರ್ "ನೋಡಿದೆ" ಎಂದು ಬರೆದು ಸಹಿ ಹಾಕಿದರು.

ಕಾಣದ ಜ್ವಾಲೆಯನ್ನು ಪತ್ತೆ ಮಾಡಲು ಹಳೆಯ ಕೆಲಸಗಾರರು ಪೊರಕೆ ಮುಂದೆ ಹಿಡಿದು ನಡೆಯುತ್ತಿದ್ದರೆಂದು ತರಬೇತಿಯಲ್ಲಿ ಮುದುಕ ಬೋಧಕನೊಬ್ಬ ಹೇಳಿದ್ದ. ಫಿಟ್ಟರ್ ಹುಲ್ಲಿನ ಪೊರಕೆಯನ್ನು ಉದ್ದ ಕೋಲಿಗೆ ಕಟ್ಟಿದ. ಬಸ್ಸು ಪಂಪಿಗೆ ಬರುವ ಮುನ್ನ ಪ್ರತಿ ಸಲವೂ ಅದನ್ನು ಚಾಚಿಕೊಂಡು ಒಂದು ಸುತ್ತು ಬರುತ್ತಿದ್ದ. ಎದುರಿಗೆ ಬೆಂಕಿಯಿದ್ದರೆ ಮೊದಲು ಹೊತ್ತಿಕೊಳ್ಳುವುದು ಹುಲ್ಲು, ಮನುಷ್ಯನಲ್ಲ.

"ಮನೆಗೊಂದು ಪೊರಕೆ ತನ್ನಿ ಅಂದ್ರೆ ಮರೆತು ಬರ್ತೀರ. ಡಿಪೋಗೆ ಡಜನ್‌ಗಟ್ಟಲೆ," ಎಂದು ಹೆಂಡತಿ ಗೊಣಗಿದಳು.

* * *

ಪಾಳಿ ಬಿಟ್ಟು ಬರಲಾಗದ ಮೂವತ್ತು ಜನ ಡಿಪೋದ ಹಿಂದಿನ ಶೆಡ್ಡಿನಲ್ಲಿ ಕಾಯುತ್ತಿದ್ದರು. ಸ್ಮಶಾನದ ದಾರಿಯಲ್ಲಿ ಪೆಟ್ಟಿಗೆಯನ್ನು ಅಲ್ಲಿ ಹತ್ತು ನಿಮಿಷ ಇಳಿಸುವುದೆಂದು ಮೊದಲೇ ಮಾತಾಗಿತ್ತು. ಮಧ್ಯಾಹ್ನ ಹನ್ನೆರಡೂವರೆಗೆ ವ್ಯಾನು ಗೇಟಿನ ಮುಂದೆ ನಿಂತಿತು. ದುರಸ್ತಿಗೆಂದು ಮುಖ್ಯ ದಾರಿ ಅಗೆದಿದ್ದರು. ಶೆಡ್ಡಿಗೆ ಹೋಗಲು ಉಳಿದಿದ್ದದ್ದು ಹೈಡ್ರೋಜನ್ ಪಂಪಿನ ಪಕ್ಕದ ಕಾಲುದಾರಿ.

ಗೋಡೆಯ ಉದ್ದಕ್ಕೂ ಆ ಹನ್ನೆರಡು ಬಸ್ಸುಗಳು ಧೂಳು ಮೆತ್ತಿಕೊಂಡು ನಿಂತಿದ್ದವು. ಏಳನೇ ನಂಬರಿನ ಬಸ್ಸಿನ ಚಕ್ರದ ಸುತ್ತ ಮೊಣಕಾಲುದ್ದ ಕಳೆ.

ನಾಲ್ವರು ಪೆಟ್ಟಿಗೆಗೆ ಹೆಗಲು ಕೊಟ್ಟರು. ಎರಡು ಹೆಜ್ಜೆ ಇಟ್ಟು ನಿಂತರು.

"ಯಾಕೆ ನಿಂತ್ರಿ?" ಎಂದರು ಮ್ಯಾನೇಜರ್. "ಅದನ್ನ ಮುಚ್ಚಿ ಎರಡು ವರ್ಷ ಆಯ್ತು. ಟ್ಯಾಂಕ್ ಖಾಲಿ."

"ಖಾಲಿ ಅಂತ ಯಾರು ನೋಡಿದ್ರು?" ಎಂದ ಭಾವಮೈದ.

ಅದನ್ನೆಲ್ಲ ನೋಡುತ್ತಿದ್ದವನು ಪೆಟ್ಟಿಗೆಯಲ್ಲಿದ್ದ.

"ಕಾಗದದ ಪ್ರಕಾರ ಖಾಲಿ."

"ಸರಿ ಹಾಗಾದ್ರೆ," ಎಂದಳು ಹೆಂಡತಿ. "ನೀವು ಮುಂದೆ ನಡೀರಿ ಸಾರ್."

ಮ್ಯಾನೇಜರ್ ಪಂಪನ್ನು ನೋಡಿದರು. ಬಿಸಿಲಿತ್ತು. ಅಲ್ಲಿ ಏನೂ ಕಾಣಿಸುತ್ತಿರಲಿಲ್ಲ. ಅವರು ನಡೆಯಲಿಲ್ಲ.

* * *

ಆವತ್ತೂ ಇಂಥದೇ ಬಿಸಿಲು. ಫಿಟ್ಟರ್ ಪೊರಕೆ ಹಿಡಿದು ಸುತ್ತು ಬರುವ ಮೊದಲೇ ಏಳನೇ ನಂಬರಿನ ಬಸ್ಸನ್ನು ಪಂಪಿಗೆ ಹಚ್ಚಿ ಚಾಲಕ ಕೆಳಗಿಳಿದ. ಪಂಪಿನ ನೀಲಿ ಬಣ್ಣ ಒಂದು ಕಡೆ ಗುಳ್ಳೆ ಗುಳ್ಳೆಯಾಗಿ ಏಳುತ್ತಿತ್ತು.

"ಅಣ್ಣ, ಇದೇನಿದು, ಬಣ್ಣ ಗುಳ್ಳೆ ಏಳ್ತಿದೆ?" ಎಂದು ಮುಟ್ಟಿ ನೋಡಲು ಕೈ ಚಾಚಿದ.

"ಮುಟ್ಬೇಡ, ಕೈ ತೆಗಿ," ಎಂದು ಹತ್ತು ಹೆಜ್ಜೆ ದೂರದಿಂದ ಕೂಗಿ ಫಿಟ್ಟರ್ ಓಡಿಬಂದ. ಬೆರಳಿಗೂ ಪಂಪಿಗೂ ನಡುವೆ ಪೊರಕೆ ತೂರಿಸಿದ. ಬರಿಯ ಗಾಳಿಯಲ್ಲಿ ಹುಲ್ಲು ಧಗ್ಗನೆ ಹೊತ್ತಿಕೊಂಡಿತು. ಚಾಲಕನನ್ನು ಹಿಂದಕ್ಕೆ ನೂಕಿ, ಅವನು ಕೆಂಪು ಗುಂಡಿ ಒತ್ತಿ ಅನಿಲ ನಿಲ್ಲಿಸಿದ. ಬಸ್ಸಿಗೆ ಏನೂ ಆಗಲಿಲ್ಲ. ಯಾರಿಗೂ ಗಾಯವಿಲ್ಲ. ಹೋದದ್ದು ಅರ್ಧ ಪೊರಕೆ.

ತನಿಖಾ ವರದಿ ಹದಿನಾಲ್ಕು ಪುಟ. ಪೊರಕೆಯ ಹೆಸರು ಹನ್ನೊಂದು ಸಲ ಬಂದಿತ್ತು, ಡಿಟೆಕ್ಟರ್‌ನದು ಒಂದು ಸಲವೂ ಇಲ್ಲ. ದೂರು ಪುಸ್ತಕ ಸಿಗಲಿಲ್ಲ ಎಂದು ಬರೆದಿದ್ದರು. ಉರಿಯುವ ವಸ್ತುವನ್ನು ನಿಷೇಧಿತ ಜಾಗಕ್ಕೆ ತಂದದ್ದೇ ಬೆಂಕಿಗೆ ಕಾರಣ ಎಂದು ಒಂಬತ್ತನೇ ಪುಟದಲ್ಲಿತ್ತು. ಅದಕ್ಕೆ ಆಧಾರ, ಸ್ಥಳದಲ್ಲಿದ್ದ ಚಾಲಕನ ಹೇಳಿಕೆ: "ಬೆಂಕಿಯನ್ನು ನಾನು ಮೊದಲು ಕಂಡದ್ದು ಪೊರಕೆಯಲ್ಲಿ."

ಅದು ಸುಳ್ಳಲ್ಲ. ಗುಳ್ಳೆಯೆದ್ದ ಬಣ್ಣದ ಮಾತನ್ನು ಅವನು ಹೇಳಿದ್ದ, ಅವರು ಬರೆದುಕೊಂಡಿರಲಿಲ್ಲ. ಮುಂದಿನ ತಿಂಗಳು ಅವನ ಕೆಲಸ ಕಾಯಂ ಆಗುವುದಿತ್ತು. ಸಹಿ ಹಾಕಿದ.

ಹೈಡ್ರೋಜನ್ ಅಪಾಯ ಎಂದು ಊರಿಗೆಲ್ಲ ಸಾರಿ ಬಸ್ಸುಗಳನ್ನು ನಿಲ್ಲಿಸಿದರು. ಡೀಸೆಲ್ ಬಸ್ಸುಗಳು ಬಂದವು. ಫಿಟ್ಟರ್ ಟೈರ್ ಉಗ್ರಾಣಕ್ಕೆ ವರ್ಗವಾದ.

"ಅನಿಲದ ತಪ್ಪೇನಿಲ್ಲ," ಎಂದು ಅವನು ಮನೆಯಲ್ಲಿ ಒಂದೇ ಸಲ ಹೇಳಿದ. "ಅದು ತನ್ನ ಸ್ವಭಾವ ಮೊದಲೇ ಹೇಳಿತ್ತು."

ಸುಟ್ಟ ಪೊರಕೆಯನ್ನು ಪತ್ರಿಕೆಯಲ್ಲಿ ಸುತ್ತಿ ಬಾಗಿಲ ಹಿಂದೆ ನಿಲ್ಲಿಸಿದ.

* * *

"ಅತ್ತಿಗೆ, ಅದನ್ನ ಕೊಡಿ," ಎಂದ ಚಾಲಕ.

ಅವನು ಹೆಗಲನ್ನು ಇನ್ನೊಬ್ಬನಿಗೆ ಬಿಟ್ಟುಕೊಟ್ಟು ಅವಳ ಮುಂದೆ ನಿಂತಿದ್ದ. ಅವಳು ಕೊಡಲಿಲ್ಲ.

"ಮೊದಲು ಹೇಳು."

ಅವನು ಮ್ಯಾನೇಜರ್ ಕಡೆ ತಿರುಗಿದ. "ಅಣ್ಣ ಬರೋಕೆ ಮುಂಚೇನೇ ಬಣ್ಣ ಗುಳ್ಳೆ ಎದ್ದಿತ್ತು ಸಾರ್. ಅಂದ್ರೆ ಬೆಂಕಿ ಮೊದಲೇ ಇತ್ತು. ನಾನು ಕೈ ಹಾಕ್ತಿದ್ದೆ. ನಿಮಗೂ ಹೇಳಿದ್ದೆ."

"ಕೆಲಸದ ಯೋಚನೆ ಮಾಡಿ ಮಾತಾಡು."

"ಆವತ್ತು ಅದನ್ನೇ ಯೋಚನೆ ಮಾಡಿದ್ದೆ."

ಅವನ ದನಿ ಏರಿರಲಿಲ್ಲ. ಆದರೂ ಶೆಡ್ಡಿನ ಬಾಗಿಲಿಗೆ ಬಂದು ನಿಂತಿದ್ದವರಿಗೆಲ್ಲ ಕೇಳಿಸಿತು. ಚಾಲಕ ಮ್ಯಾನೇಜರ್ ಕೈಯಲ್ಲಿದ್ದ ಸಂತಾಪದ ಪತ್ರವನ್ನು ತೆಗೆದುಕೊಂಡು, ಪೆಟ್ಟಿಗೆಯ ಮೂಲೆಗೆ ಒತ್ತಿಟ್ಟು, ಅದರ ಹಿಂಬದಿಯಲ್ಲಿ ಆ ಮಾತನ್ನೇ ಬರೆದ. ಸಹಿ ಹಾಕಿ ಅವರಿಗೇ ಕೊಟ್ಟ.

"ಇದರ ಕೆಳಗೂ 'ನೋಡಿದೆ' ಅಂತ ಬರೀರಿ ಸಾರ್," ಎಂದಳು ಹೆಂಡತಿ.

ಮ್ಯಾನೇಜರ್ ಬರೆಯಲಿಲ್ಲ. ಹರಿದೂ ಹಾಕಲಿಲ್ಲ. ಪತ್ರ ಅವರ ಕೈಯಲ್ಲೇ ಉಳಿಯಿತು.

ಅವಳು ಪತ್ರಿಕೆ ಬಿಚ್ಚಿದಳು. ಪೊರಕೆಯ ಒಂದು ಕಡೆ ಕರಕಲಾಗಿತ್ತು, ಇನ್ನೊಂದು ಕಡೆ ಹುಲ್ಲು ಇನ್ನೂ ಹೊಂಬಣ್ಣಕ್ಕಿತ್ತು. ಚಾಲಕ ಅದನ್ನು ಎರಡೂ ಕೈಯಲ್ಲಿ ಮುಂದಕ್ಕೆ ಚಾಚಿ, ಎಡಕ್ಕೂ ಬಲಕ್ಕೂ ನಿಧಾನವಾಗಿ ಆಡಿಸುತ್ತ ಹೆಜ್ಜೆಯಿಟ್ಟ. ಹಿಂದೆ ಪೆಟ್ಟಿಗೆ. ಅದರ ಹಿಂದೆ ಹೆಂಡತಿ, ಅವಳ ತಮ್ಮ.

ಮ್ಯಾನೇಜರ್ ಗೇಟಿನ ಬಳಿ ಸ್ವಲ್ಪ ಹೊತ್ತು ಒಬ್ಬರೇ ನಿಂತಿದ್ದು, ಆಮೇಲೆ ಅವರೂ ಹೊರಟರು. ಕಾಲುದಾರಿ ಎಂಟಡಿ ಅಗಲವಿತ್ತು. ಅವರು ಪೊರಕೆ ಆಡಿದ ಜಾಗ ಬಿಟ್ಟು ಅತ್ತಿತ್ತ ಕಾಲಿಡದೆ, ಮುಂದಿನವರ ಹೆಜ್ಜೆ ನೋಡಿಕೊಂಡು, ಅದರ ಮೇಲೇ ತಮ್ಮ ಬೂಟು ಇಡುತ್ತ ಪಂಪನ್ನು ದಾಟಿದರು.