ಸಿಪ್ಪೆಯ ಪಾಲು

ಕಾರ್ತೀಕ ಕಳೆದು ಅವರೆಗೆ ಸೊಗಡು ಹತ್ತಿತೆಂದರೆ ಸಾಕು, ಮೇಗಲ ಬೀದಿಯ ಗುರುಬಸಮ್ಮನವರ ಹಿತ್ತಲಿನಿಂದ ಕೆಳಗಲ ಬೀದಿಯ ಪಾಪಮ್ಮನಿಗೆ ಕರೆ ಬಂದೇ ಬರುತ್ತಿತ್ತು. ರಾತ್ರಿ ನೆನೆಹಾಕಿದ ಅವರೆಕಾಳನ್ನು ಬೆಳಿಗ್ಗೆ ಒಂದೊಂದಾಗಿ ಬೆರಳ ನಡುವೆ ಒತ್ತಿ, ಸಿಪ್ಪೆಯೊಳಗಿನ ಬೇಳೆಯನ್ನು ಚಿಮ್ಮಿಸಿ ತೆಗೆಯುವ ಕೆಲಸ. ಹಿತಕುವುದು ಎನ್ನುತ್ತಾರೆ. ಪಾಪಮ್ಮನಷ್ಟು ಚುರುಕಾಗಿ ಹಿತಕುವವರು ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಎಲೆಯಡಿಕೆ ಮೆಲ್ಲುತ್ತ, ಮೊರದ ಕಡೆ ನೋಡದೆಯೇ, ಒಂದು ಬೇಳೆಯೂ ಮುರಿಯದಂತೆ ಗುಡ್ಡೆ ಹಾಕುತ್ತಿದ್ದಳು.

ಈ ಕೆಲಸಕ್ಕೊಂದು ಕಟ್ಟಳೆ ಇತ್ತು. ಹಸಿ ಕಾಳನ್ನು ಕೆಳಗಲ ಬೀದಿಯವರು ಮುಟ್ಟಬಹುದು. ಹಿತಕಿ ಮುಗಿದ ಮೇಲೆ ಗುರುಬಸಮ್ಮ ಮೇಲಿನಿಂದ ಒಂದು ಬಿಂದಿಗೆ ನೀರು ಸುರಿದರೆ ಬೇಳೆ ಅಡುಗೆಮನೆಗೆ ಲಾಯಕ್ಕು. ಒಲೆಯ ಮೇಲೆ ಒಂದು ಕುದಿ ಬಂದದ್ದೇ ತಡ, ಅದರ ಪಾತ್ರೆ ಇವರ ಕಣ್ಣಿಗೂ ಬೀಳುವಂತಿಲ್ಲ. ಹಿತಕಿದವರ ಪಾಲಿಗೆ ಸಿಪ್ಪೆ. ಮನೆಗೆ ಹೊತ್ತು ತಂದು ದನಕ್ಕೆ ಹಾಕಿಕೊಳ್ಳಬೇಕು. ಪಾಪಮ್ಮನ ಕೊಟ್ಟಿಗೆಯಲ್ಲಿ ಹಸು ಹೋಗಿ ಎಮ್ಮೆ ಬಂತು, ಎಮ್ಮೆ ಹೋಗಿ ಎರಡು ಆಡು ಬಂದವು. ಸಿಪ್ಪೆ ಮಾತ್ರ ಬದಲಾಗಲಿಲ್ಲ.

ಅವಳ ಮನೆಯಲ್ಲಿ ಹಿತಕಿದ ಬೇಳೆ ಸಾರು ಎಂದೂ ಆಗಿರಲಿಲ್ಲ. ಇದ್ದ ಒಂದು ಹಿಡಿ ಕಾಳನ್ನು ಸಿಪ್ಪೆ ಸಮೇತ ಬೇಯಿಸಿದರೆ ಮನೆಮಂದಿಯ ಹೊಟ್ಟೆ ತುಂಬುತ್ತದೆ. ಹಿತಕಿದರೆ ಒಬ್ಬರಿಗೂ ಸಾಲದು. ಮಗಳು ಕವನ ಎಂಟು ವರ್ಷದವಳಿದ್ದಾಗ ಒಮ್ಮೆ ಕೇಳಿದ್ದಳು: "ಅವ್ವ, ಇತ್ಕಿದ್ ಬೇಳೆ ಸಾರು ಎಂಗಿರ್ತದೆ?"

"ವಾಸ್ನೆ ಗೊತ್ತು. ರುಚಿ ನಂಗೇನ್ ಗೊತ್ತು ಮಗ?" ಎಂದು ಪಾಪಮ್ಮ ನಕ್ಕಿದ್ದಳು.

ಆ ನಗು ಕವನಳಿಗೆ ಇಪ್ಪತ್ತೆರಡಾದರೂ ಮರೆತಿರಲಿಲ್ಲ. ಅವಳು ನಂಜನಗೂಡಿನ ಕಾಲೇಜಿಗೆ ಮೂರು ವರ್ಷ ಬಸ್ಸಿನಲ್ಲಿ ಓಡಾಡಿ ಬಿ.ಎ. ಮುಗಿಸಿದ್ದಳು. ಕ್ಲಾಸಿನಲ್ಲಿ ಹಾಜರಿ ಕೂಗಿದಾಗ ಬಿಟ್ಟರೆ ಅವಳ ದನಿಯನ್ನು ಯಾರೂ ಕೇಳಿರಲಿಲ್ಲ. ಉತ್ತರ ಗೊತ್ತಿದ್ದರೂ ಕೈ ಮೇಲೇಳುತ್ತಿರಲಿಲ್ಲ. ಗುರುಬಸಮ್ಮನವರ ಮಗಳು ರಮ್ಯ ಅದೇ ಕ್ಲಾಸಿನವಳು. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂರುತ್ತಿದ್ದರು. ಊರಿನ ಸ್ಟಾಪು ಬಂದರೆ ರಮ್ಯ ಮೊದಲು ಇಳಿದು ಹಿಂತಿರುಗಿ ನೋಡದೆ ಹೋಗುತ್ತಿದ್ದಳು.

ತೊಂಬತ್ತೊಂಬತ್ತರ ಆ ಡಿಸೆಂಬರಿನ ಎರಡನೆಯ ಭಾನುವಾರ ಗುರುಬಸಮ್ಮನವರ ಮನೆಗೆ ನರಸೀಪುರದಿಂದ ಬೀಗರು ಬರುವವರಿದ್ದರು. ಮಗ ನಂಜೇಶನಿಗೆ ಹೆಣ್ಣು ಗೊತ್ತಾಗಿತ್ತು. ಹೆಣ್ಣಿನ ಕಡೆಯವರು ಮನೆ ನೋಡಲು ಹದಿನೈದು ಜನ, ಮಧ್ಯಾಹ್ನದ ಊಟಕ್ಕೆ. ಹಿತಕಿದ ಬೇಳೆ ಸಾರು ಉಣ್ಣಿಸುತ್ತೇನೆಂದು ಗುರುಬಸಮ್ಮ ಮಾತು ಕೊಟ್ಟಾಗಿತ್ತು. ಹತ್ತು ಸೇರು ಕಾಳು ನೆನೆಹಾಕಿದ್ದರು. ಆದರೆ ಪಾಪಮ್ಮನ ಹೆಬ್ಬೆರಳಿಗೆ ಉಗುರುಸುತ್ತು ಎದ್ದು, ಬೆರಳು ಬದನೆಕಾಯಿಯಂತೆ ಊದಿಕೊಂಡಿತ್ತು. ಮೈಯೂ ಕಾಯುತ್ತಿತ್ತು.

"ನಾನೋಯ್ತೀನಿ ಬುಡವ್ವ," ಎಂದಳು ಕವನ.

"ಓದ್ದೋಳು ನೀನ್ಯಾಕ್ ಓಯ್ತೀಯೆ?"

"ಓಯ್ತೀನಿ."

ಹಿತ್ತಲಿನ ಹಲಸಿನ ಮರದ ಕೆಳಗೆ ಮಾದಮ್ಮ, ಕೆಂಪಾಜಮ್ಮ ಆಗಲೇ ಕೂತಿದ್ದರು. ಇಬ್ಬರೂ ಕೆಳಗಲ ಬೀದಿಯವರೇ. ಗುರುಬಸಮ್ಮ ಕವನಳನ್ನು ನೋಡಿ ಹುಬ್ಬೇರಿಸಿದರು. "ಏನಮ್ಮಿ, ಪೆನ್ನು ಇಡ್ದ ಕೈಗೆ ಇತ್ಕಕ್ ಬತ್ತದಾ? ಬೇಳೆ ಗೀಳೆ ಮುರ್ದೀಯ, ಬೀಗ್ರು ಬತ್ತಾವ್ರೆ."

ಕವನ ಮೊರ ಎಳೆದುಕೊಂಡು ಕೂತಳು. ದಾರಿಯುದ್ದಕ್ಕೂ ಅವಳು ಒಂದು ಮಾತನ್ನು ಮನಸ್ಸಿನಲ್ಲೇ ಹೇಳಿ ಹೇಳಿ ಪಾಠ ಮಾಡಿಕೊಂಡು ಬಂದಿದ್ದಳು. ಬೆರಳುಗಳು ತಾಯಿಯವೇ. ಚಿಟಕ್, ಚಿಟಕ್ ಎಂದು ಬೇಳೆ ಮೊರಕ್ಕೆ ಹಾರತೊಡಗಿತು.

"ನೋಡೇ ಕೆಂಪಾಜಿ, ಪಾಪಮ್ಮುನ್ ಕೈಯೇ ಕಳ್ಚಿ ಕೊಟ್ಟಂಗದೆ," ಎಂದಳು ಮಾದಮ್ಮ.

"ಬಾಯಿ ಮಾತ್ರ ಅವುಳ್ದಲ್ಲ. ಬಂದಾಗ್ಲಿಂದ ಉಸ್ರಿಲ್ಲ."

ಹೊತ್ತು ಏರಿತು. ಅರ್ಧ ಕಾಳು ಮುಗಿಯುವಷ್ಟರಲ್ಲಿ ಗುರುಬಸಮ್ಮ ನೋಡಿಹೋಗಲು ಬಂದರು. ಒಳಗಿನಿಂದ ತುಪ್ಪದ ವಾಸನೆ ಬರುತ್ತಿತ್ತು. ಕವನ ಕೈ ನಿಲ್ಲಿಸಿದಳು.

"ಅಮ್ಮೋರೆ, ಈ ಸಲ ಸಿಪ್ಪೆ ಬ್ಯಾಡ. ಬೇಳೆ ಕೊಡಿ."

ಅಂದುಕೊಂಡದ್ದಕ್ಕಿಂತ ಮೆಲ್ಲಗೆ ಬಂದಿತ್ತು ದನಿ. "ಏನಂದೆ?" ಎಂದರು ಗುರುಬಸಮ್ಮ.

ಮೊದಲ ಸಲ ಹೇಳಿದ್ದು ಕಷ್ಟವಲ್ಲ, ಎರಡನೆಯ ಸಲ ಹೇಳುವುದೇ ಕಷ್ಟ ಎಂದು ಕವನಳಿಗೆ ಆಗ ಗೊತ್ತಾಯಿತು. ಆದರೂ ಎದ್ದು ನಿಂತು ಹೇಳಿದಳು. "ಬೇಳೆ ಕೊಡಿ ಅಂದೆ. ನಮ್ ಮೂವರ್ಗೂ ಒಂದೊಂದ್ ಸೇರು. ಇತ್ಕಿದ್ದು ನಾವಲ್ವಾ?"

ಗುರುಬಸಮ್ಮ ನಕ್ಕುಬಿಟ್ಟರು. "ನಿಮ್ಮವ್ವ ಇಷ್ಟ್ ವರ್ಸ ಒಂದ್ ದಿನ ಕೇಳ್ನಿಲ್ಲ."

"ಅದ್ಕೇ ನಾನ್ ಕೇಳ್ತಾ ಇವ್ನಿ."

"ಸಿಪ್ಪೆ ಕೊಡೋದು ಮಾಮೂಲು. ಬೇಳೆ ಕೊಡೋ ಮಾಮೂಲಿಲ್ಲ, ತಿಳ್ಕೊ. ಕೂತ್ಕೊಂಡು ಇತ್ಕು."

ಕವನ ಕೂರಲಿಲ್ಲ. ದನದ ತೊಟ್ಟಿಯ ನೀರಿನಲ್ಲಿ ಕೈ ತೊಳೆದುಕೊಂಡಳು. ಮಾದಮ್ಮ ಅವಳನ್ನೂ ಗುರುಬಸಮ್ಮನವರನ್ನೂ ಒಮ್ಮೆ ನೋಡಿ, ಮೊರವನ್ನು ಪಕ್ಕಕ್ಕೆ ಸರಿಸಿದಳು. "ನಂಗೂ ಯಾಕೋ ಸೊಂಟ ಇಡ್ಕತು ಕನಮ್ಮೋರೆ."

"ನಂದೂ ಅದೇ ಸೊಂಟ," ಎಂದು ಕೆಂಪಾಜಮ್ಮನೂ ಎದ್ದಳು.

ಹನ್ನೊಂದು ಗಂಟೆ. ನೆಂದ ಕಾಳು ಇನ್ನೂ ಅರ್ಧ ಪಾತ್ರೆ ಇತ್ತು. ಬಿಸಿಲಿಗೆ ಬಿಟ್ಟರೆ ನೊರೆ ಬಂದು ಹುಳಿ ವಾಸನೆ ಹತ್ತುತ್ತದೆ. ಹಾಗೇ ಬೇಯಿಸಿದರೆ ಸಿಪ್ಪೆ ಸಾರು. ಬೀಗರ ಮುಂದೆ ಸಿಪ್ಪೆ ಸಾರು ಇಡುವುದಕ್ಕಾಗುತ್ತದೆಯೇ? ಗುರುಬಸಮ್ಮ "ರಮ್ಯಾ!" ಎಂದು ಕೂಗಿದರು. ರೇಷ್ಮೆ ಸೀರೆಯುಟ್ಟ ರಮ್ಯ ಬಂದು ಮಣೆ ಹಾಕಿಕೊಂಡು ಕೂತಳು. ಮೊದಲ ಕಾಳು ಬೆರಳಿನಿಂದ ಜಾರಿ ಕೊಟ್ಟಿಗೆಯ ಕಡೆ ಹಾರಿತು. ಎರಡನೆಯದು ಅವಳ ತಾಯಿಯ ಹಣೆಗೆ ಬಡಿದು ವಿಭೂತಿಯ ಮೇಲೆ ಅಂಟಿಕೊಂಡಿತು. ಮಾದಮ್ಮ ಸೆರಗು ಬಾಯಿಗೆ ತುರುಕಿಕೊಂಡಳು.

ಹತ್ತು ಕಾಳಾಗುವಷ್ಟರಲ್ಲಿ ರಮ್ಯ ಕೈ ಚೆಲ್ಲಿದಳು. "ಅಮ್ಮ, ನನ್ ಕೈಲಾಗಲ್ಲ. ಕೊಟ್ಬುಡಮ್ಮ." ಕವನಳ ಮುಖವನ್ನು ಅವಳು ನೋಡಲಿಲ್ಲ. ಆದರೆ ಈ ಸಲ ಅವಳ ಪರವಾಗಿ ಮಾತಾಡಿದ್ದು ಬಸ್ಸಿನಲ್ಲಲ್ಲ, ಊರಿನ ನೆಲದ ಮೇಲೆ.

ಗುರುಬಸಮ್ಮ ಸೇರನ್ನು ತಂದು ನೆಲಕ್ಕೆ ಕುಕ್ಕಿದರು. "ಅಳ್ಕೊಂಡ್ ಓಗಿ. ಇದೇ ಕಡೆ. ಇನ್ಮೇಲೆ ನಮ್ ಇತ್ಲಿಗೆ ಕಾಲಿಡ್ಕೂಡ್ದು. ಸಿಪ್ಪೆನೂ ಇಲ್ಲ."

"ಸಿಪ್ಪೆ ನಿಮ್ ದನುಕ್ಕೇ ಆಕಿ ಅಮ್ಮೋರೆ," ಎಂದಳು ಕವನ. ಮಿಕ್ಕ ಕಾಳನ್ನೂ ಮೂವರು ಕೂತು ಹಿತಕಿ ಮುಗಿಸಿಯೇ ಎದ್ದರು. ಒಪ್ಪಿದ ಕೆಲಸ ಅರ್ಧಕ್ಕೆ ಬಿಟ್ಟರು ಅನ್ನಿಸಿಕೊಳ್ಳುವ ಆಸೆ ಅವರಿಗೂ ಇರಲಿಲ್ಲ.

ಮನೆಯಲ್ಲಿ ಕಂಬಳಿ ಹೊದ್ದು ಮಲಗಿದ್ದ ಪಾಪಮ್ಮ ಬೇಳೆ ನೋಡಿ ಗಾಬರಿಯಾದಳು. ನಡೆದದ್ದನ್ನು ಕೇಳಿ ಇನ್ನಷ್ಟು ಗಾಬರಿಯಾದಳು. "ಏನ್ ಮಾಡ್ಬುಟ್ಯೇ ಮಗಳೇ? ನಾಳೆ ಕಳೆ ಕೀಳಕ್ ಕರೀನಿಲ್ಲ ಅಂದ್ರೆ?"

"ಕರೀದಿದ್ರೆ ಬುಡ್ಲಿ. ಕವಲಂದೆ ಕಡೆ ಕೂಲಿಗೋಗನ. ಈಗ ಸಾರು ಎಂಗ್ ಮಾಡಾದು ಏಳು."

"ನಾನೆಲ್ ಮಾಡಿವ್ನಿ?"

ಹೇಳಿದಳಾದರೂ ಪಾಪಮ್ಮ ಗೋಡೆಗೊರಗಿ ಎದ್ದು ಕೂತಳು. ಇಷ್ಟು ವರ್ಷ ಆ ಹಿತ್ತಲಿನಲ್ಲಿ ಅವಳ ಕೈ ಕಾಳಿನ ಮೇಲಿದ್ದರೆ, ಮೂಗು, ಕಿವಿ ಅಡುಗೆಮನೆಯ ಕಡೆಗಿದ್ದವು. "ಮೊದ್ಲು ಈರುಳ್ಳಿ ಬೆಳ್ಳುಳ್ಳಿ ಉರಿಯಾ ವಾಸ್ನೆ ಬರಾದು. ಆಮ್ಯಾಕೆ ದನ್ಯ, ಮೆಣಸಿನ್ಕಾಯಿ. ಅಷ್ಟೊತ್ಗೆ ನಮ್ಗೆಲ್ಲ ಸೀನು. ಚಕ್ಕೆ ಲವಂಗ ಒಂಚೂರೇ. ಗಸಗಸೆ ಚಟಚಟ ಅನ್ನಾದ್ ಕೇಳ್ತಿದ್ದಂಗೆ ಇಳ್ಸೋರು. ಕಾಯಿ ಕಡೇಲಿ. ಒರಳಿನ ಸದ್ದು ಮೊದ್ಲು ಗರಗರ ಅನ್ನಾದು. ನುಣ್ಣುಗಾದ್ ಮೇಲೆ ಗುಂಡು ಸುಮ್ನೆ ತಿರ್ಗಾದು."

ಮಾದಮ್ಮ ಒಂದು ಹೋಳು ಕಾಯಿ ತಂದಳು. ಕೆಂಪಾಜಮ್ಮ ಗಸಗಸೆಗೆ ಅಂಗಡಿಗೆ ಓಡಿದಳು. ಮೂರು ಸೇರೂ ಒಂದೇ ಮಡಕೆಗೆ ಬಿತ್ತು. ಪಾಪಮ್ಮ ಕೂತಲ್ಲಿಂದಲೇ ಮೂಗರಳಿಸಿ ಹುಕುಂ ಕೊಟ್ಟಳು: "ಸೀದೋಯ್ತದೆ, ಇಳ್ಸು." "ಬೇಳೆ ಬೇಗ ಬೇಯ್ತದೆ, ಕಲಕ್ಬ್ಯಾಡ." "ಉಪ್ಪು ಆಮ್ಯಾಕೆ." ಇನ್ನೊಂದು ಒಲೆಯಲ್ಲಿ ರಾಗಿ ಹಿಟ್ಟು ಕುದಿಯುತ್ತಿತ್ತು. ಸಾರಿಗೆ ಒಂದು ಕುದಿ ಬಂದಾಗ ಪಾಪಮ್ಮ ಕಣ್ಣು ಮುಚ್ಚಿದಳು. "ಇದೇ. ಇದೇ ವಾಸ್ನೆ."

ಮಾದಮ್ಮ ಬಾಗಿಲು ಮುಂದಕ್ಕೆ ಮಾಡಲು ಹೋದಳು. "ತಗ್ದೇ ಇರ್ಲಿ ಅತ್ತೆ," ಎಂದಳು ಕವನ.

ಎಲ್ಲರೂ ಜಗುಲಿಯ ಮೇಲೇ ಕೂತರು. ಪಾಪಮ್ಮ ಎಡಗೈಯಲ್ಲಿ ತಟ್ಟೆ ಹಿಡಿದು, ಊದಿದ ಹೆಬ್ಬೆರಳನ್ನು ಮೇಲೆತ್ತಿಕೊಂಡು, ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದಳು. ಮೂವರೂ ಅವಳ ಮುಖವನ್ನೇ ನೋಡುತ್ತಿದ್ದರು.

"ಚೆಂದಾಗದೆ," ಎಂದಳು. ಇನ್ನೊಂದು ತುತ್ತು ನುಂಗಿದಳು. "ಆದ್ರೂ ನಮ್ ಸಿಪ್ಪೆ ಸಾರು ಇದ್ಕಿಂತ ಒಂದ್ ಕೈ ಮೇಲೆ."

"ಅಯ್ಯೋ ಇವುಳ್ನ! ಅಷ್ಟೆಲ್ಲ ಜಗಳ ಆಡ್ಕೊಂಡ್ ಬಂದ್ವಲ್ಲೇ!" ಎಂದು ಕೆಂಪಾಜಮ್ಮ ಹಣೆ ಚಚ್ಚಿಕೊಂಡಳು.

"ಉಂಡಿದ್ಕಲ್ವಾ ಗೊತ್ತಾದುದ್ದು?"

ಅಷ್ಟರಲ್ಲಿ ಮೇಗಲ ಬೀದಿಯಿಂದ ಬೀಗರ ಗುಂಪು ಇಳಿದು ಬಂತು. ಬಸ್‌ಸ್ಟಾಪಿಗೆ ಇದೇ ದಾರಿ. ಮುಂದೆ ಗುರುಬಸಮ್ಮನವರ ಯಜಮಾನರು ಪುಟ್ಟಬಸವಯ್ಯ, ಹಿಂದೆ ಗುರುಬಸಮ್ಮ, ನಡುವೆ ನರಸೀಪುರದವರು. ಜಗುಲಿಯ ಹತ್ತಿರ ಬಂದಾಗ ಬೀಗಿತ್ತಿ ನಿಂತೇಬಿಟ್ಟರು. "ಅರೆ, ನಿಮ್ಮೂರ್ನಲ್ಲಿ ಎಲ್ಲಾರ್ ಮನೇಲೂ ಇತ್ಕಿದ್ ಬೇಳೆ ಸಾರಾ ಇವತ್ತು? ಗಮಗಮ ಅಂತದೆ!"

ಪುಟ್ಟಬಸವಯ್ಯನವರು ಹೆಗಲ ಟವೆಲ್ಲು ಸರಿಮಾಡಿಕೊಂಡರು. ಗುರುಬಸಮ್ಮನವರ ಕಣ್ಣು ಪಾಪಮ್ಮನ ಮೇಲೆ ನೆಟ್ಟಿತು. ಆ ಮನೆಯವರು ದಾರಿಯಲ್ಲಿ ಕಂಡರೆ ಪಾಪಮ್ಮ ಜಗುಲಿಯಿಂದ ಎದ್ದು ಸೆರಗು ಹೊದ್ದು ನಿಲ್ಲುವುದು ಎಷ್ಟೋ ವರ್ಷದ ರೂಢಿ. ಮಾದಮ್ಮನ ಮೊಣಕಾಲು ಆಗಲೇ ಅರ್ಧ ಎದ್ದಿತ್ತು. ಕವನ ತಾಯಿಯ ಕಾಲನ್ನೇ ನೋಡಿದಳು.

ಪಾಪಮ್ಮ ಕಾಲು ಇನ್ನಷ್ಟು ನೀಡಿಕೊಂಡಳು.

"ಉಣ್ತಾ ಇವ್ನಿ ಅಮ್ಮೋರೆ," ಎಂದಳು, ಇಡೀ ಬೀದಿಗೆ ಕೇಳುವಂತೆ. ಆಮೇಲೆ ತಟ್ಟೆಯನ್ನು ಮಗಳ ಕಡೆ ಚಾಚಿದಳು. "ಬುಡು ಮಗ, ಇನ್ನೊಂದ್ ಸೌಟು."