ಉಪ್ಪೂ ಮುಖವೂ ಕಂಡ ದಿನ

ನಾನು ಸಿನಿಮಾ ತೆಗೆಯುವ ಒಂದು ಡಿಜಿಟಲ್ ಕ್ಯಾಮೆರಾ. ಹುಟ್ಟಿದ್ದು ದೂರದ ಚಳಿದೇಶದಲ್ಲಿ, ಧೂಳೇ ಸುಳಿಯದ ಕೋಣೆಯಲ್ಲಿ. ಅಲ್ಲಿ ಎಲ್ಲರೂ ಬಾಯಿ ಮುಚ್ಚುವ ಮುಸುಕು ಹಾಕಿರುತ್ತಿದ್ದರು. ಹಾಗಾಗಿ ನಾನು ಕಂಡ ಮೊದಲ ನಗು ಬೆಂಗಳೂರಿನ ಇಕ್ಬಾಲ್ ಸಾಹೇಬರದು. ಅವರು ಕ್ಯಾಮೆರಾಗಳನ್ನು ಬಾಡಿಗೆಗೆ ಕೊಡುವವರು. ಶೂಟಿಂಗಿನಿಂದ ಬಂದ ಕೂಡಲೇ ಮೆತ್ತನೆ ಬಟ್ಟೆಯಿಂದ ತಾವೇ ನನ್ನನ್ನು ಒರೆಸುತ್ತಿದ್ದರು.

ಹಾಡು, ಹೊಡೆದಾಟ, ಸೋಪಿನ ಜಾಹೀರಾತು ಎಂದು ಎಂಟು ವರ್ಷ ದುಡಿದೆ. ಆಮೇಲೆ ಹೊಸ ಕ್ಯಾಮೆರಾ ಬಂತು. ನನ್ನ ಪೆಟ್ಟಿಗೆ ತೆರೆಯುವವರು ಕಡಿಮೆಯಾದರು.

ಒಂದು ದಿನ ಲವೀನಾ ಎಂಬ ಛಾಯಾಗ್ರಾಹಕಿ ಬಂದರು. ಗೋಕರ್ಣದ ಹತ್ತಿರ, ಸಮುದ್ರದ ನೀರು ಒಣಗಿಸಿ ಉಪ್ಪು ತೆಗೆಯುವ ಉಪ್ಪಿನಾಗರದಲ್ಲಿ ನಲವತ್ತು ವರ್ಷ ದುಡಿದ ಮಾದೇವಕ್ಕನ ಬಗ್ಗೆ ಅವರು ಸಾಕ್ಷ್ಯಚಿತ್ರ ಮಾಡುತ್ತಿದ್ದರು. ಯಾವ ಕ್ಯಾಮೆರಾ ಎಷ್ಟು ಬೆಳಕು ತಡೆದುಕೊಳ್ಳುತ್ತದೆ ಎಂದು ಮೊದಲು ನೋಡಬೇಕಿತ್ತು.

ಬಿಳಿ ಅಂಗಿ ತೊಟ್ಟ ಲೈಟ್‌ಮ್ಯಾನ್ ಮುನಿಶಾಮಣ್ಣ ಕಿಟಕಿಯ ಬಳಿ ಕೂತರು. ಲವೀನಾ ನನ್ನನ್ನೂ ಹೊಸ ಕ್ಯಾಮೆರಾವನ್ನೂ ಪಕ್ಕಪಕ್ಕ ನಿಲ್ಲಿಸಿ, ಲೆನ್ಸಿನೊಳಕ್ಕೆ ಬಿಡುವ ಬೆಳಕನ್ನು ಹಂತಹಂತವಾಗಿ ಇಮ್ಮಡಿಸಿದರು. ಮತ್ತೆ ಅರ್ಧರ್ಧ ಇಳಿಸಿದರು. ಕೊನೆಗೆ ಎಲ್ಲ ಚಿತ್ರಗಳನ್ನೂ ಕಂಪ್ಯೂಟರಿನಲ್ಲಿ ಸರಿ ಬೆಳಕಿಗೆ ತಂದರು. ಕತ್ತಲಲ್ಲಿ ನನ್ನ ಚಿತ್ರದ ತುಂಬ ರವೆ ಚೆಲ್ಲಿದಂಥ ಚುಕ್ಕೆಗಳು, ಹೊಸದರದ್ದು ಶುಭ್ರ. ಆದರೆ ನಾಲ್ಕನೇ ಹಂತದ ಬೆಳಕಿಗೆ ಹೊಸದರಲ್ಲಿ ಮುನಿಶಾಮಣ್ಣನ ಅಂಗಿ ಸುಣ್ಣದ ಗೋಡೆಯಾಯಿತು. ನನ್ನಲ್ಲಿ ಅದರ ಸುಕ್ಕೂ ಗುಂಡಿಯ ದಾರವೂ ಉಳಿದಿದ್ದವು.

"ಕತ್ತಲಲ್ಲಿ ಇದು ಸೋತಿದೆ ಮೇಡಂ. ಹೊಸದನ್ನೇ ತಗೊಂಡು ಹೋಗಿ," ಎಂದರು ಸಾಹೇಬರು.

"ನಾನು ಹೋಗ್ತಿರೋದು ಉಪ್ಪಿನ ಬಯಲಿಗೆ ಸಾಹೇಬ್ರೇ. ಅಲ್ಲಿ ನಂಗೆ ಬಿಸಿಲಿಂದೇ ಭಯ," ಎಂದು ಲವೀನಾ ನನ್ನನ್ನೇ ಎತ್ತಿಕೊಂಡರು.

ಅಲ್ಲಿ ಮಾದೇವಕ್ಕ ನನ್ನನ್ನು ನೋಡಿ ಮುಖ ತಿರುಗಿಸಿದಳು. "ಎಷ್ಟೋ ಜನ ಫೋಟೋ ತೆಗದ್ರು ತಂಗಿ. ಒಂದ್ರಲ್ಲಿ ಉಪ್ಪು ಕಾಣ್ತದೆ, ನನ್ನ ಮುಖ ಮಸಿ. ಇನ್ನೊಂದ್ರಲ್ಲಿ ಮುಖ ಕಾಣ್ತದೆ, ಉಪ್ಪೇ ಇಲ್ಲ."

ಅದು ಅವಳ ಕೆಲಸದ ಕೊನೆಯ ದಿನ. ಮತ್ತೊಮ್ಮೆ ತೆಗೆಯುವ ಮಾತೇ ಇರಲಿಲ್ಲ. ಮೋಡ ಕವಿದಿತ್ತು. ಕೊನೆಯ ಬುಟ್ಟಿ ಸುರಿದು, ಉಪ್ಪಿನ ಕೊಟ್ಟಿಗೆಯ ನೆರಳಲ್ಲಿ ಕೂತಳು. "ಹದಿನಾಲ್ಕರಲ್ಲಿ ಬಂದವ್ಳು ನಾನು. ನಾಳೆಯಿಂದ ಬರೂದಿಲ್ಲ. ಮೊಣಕಾಲು ಕೇಳೂದಿಲ್ಲ," ಎನ್ನುವಾಗಲೇ ಮೋಡ ಸರಿದು ಹಿಂದಿನ ಉಪ್ಪಿನ ರಾಶಿಗಳು ಬೆಂಕಿಯಂತೆ ಹೊಳೆದವು. ಲವೀನಾರ ಕೈ ಲೆನ್ಸಿನತ್ತ ಹೋಯಿತು. ಬೆಳಕು ತಗ್ಗಿಸಿದರೆ ಮುಖ ಕತ್ತಲಲ್ಲಿ ಮುಳುಗುತ್ತಿತ್ತು, ಬಿಟ್ಟರೆ ಉಪ್ಪು ಸುಣ್ಣದ ಗೋಡೆಯಾಗುವ ಭಯ. ಕೈ ಅಲ್ಲೇ ನಿಂತಿತು. ಅವರು ನನ್ನನ್ನು ನಂಬಿದರು. ನಾನು ಹಿಡಿಯಬಲ್ಲಷ್ಟನ್ನೂ ಹಿಡಿದೆ.

ತಿಂಗಳ ನಂತರ ಲವೀನಾ ನನ್ನನ್ನೂ ಜೊತೆಗೆ ತಂದು, ಮಾದೇವಕ್ಕನ ಜಗಲಿಯಲ್ಲಿ ಚಿತ್ರ ತೋರಿಸಿದರು. ಅವಳು ಪರದೆಯ ಹತ್ತಿರ ಹೋಗಿ, ಅದರ ಮೇಲಿನ ತನ್ನ ಕೆನ್ನೆಯನ್ನೊಮ್ಮೆ, ಉಪ್ಪಿನ ಹರಳನ್ನೊಮ್ಮೆ ಮುಟ್ಟಿದಳು. "ಇದು ನಾನೇ. ಇದು ನಾ ಎಳೆದ ಉಪ್ಪೇ," ಎಂದಳು. ಲವೀನಾ ನನ್ನ ಮೇಲೆ ಕೈಯಿಟ್ಟು ನಿಂತಿದ್ದರು.

ಸಾಹೇಬರ ಅಂಗಡಿ ಬಿಟ್ಟು ಈಗ ನಾನು ಮೈಸೂರಿನಲ್ಲಿ ಸಿನಿಮಾ ಕಲಿಸುವ ಒಂದು ಕಾಲೇಜಿನ ಕಪಾಟಿನಲ್ಲಿದ್ದೇನೆ. ನನ್ನ ಕಣ್ಣಿನಲ್ಲಿ ಬೆಳಕು ಹಿಡಿಯುವ ಕೆಲವು ಚುಕ್ಕೆಗಳು ಸತ್ತಿವೆ. ಕತ್ತಲು ಮೊದಲಿಗಿಂತ ಕಷ್ಟ. ಆದರೂ ವಾರಕ್ಕೊಮ್ಮೆ ವಿದ್ಯಾರ್ಥಿಗಳು ನನ್ನನ್ನು ಹೊರಗೆ ತರುತ್ತಾರೆ. ನಿನ್ನೆ ಒಬ್ಬಳು ಹುಡುಗಿ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಆಯಾಳನ್ನು ಕೇಳಿದಳು, "ಅಮ್ಮಾ, ನಿಮ್ಮನ್ನ ತೆಗೀಲಾ?" ಆಕೆ ನಾಚಿ, ಸೆರಗು ಸರಿಮಾಡಿಕೊಂಡು, ನನ್ನತ್ತ ನೇರ ನೋಡಿದಳು.

ನನಗೆ ಇನ್ನೇನು ಬೇಕು? ನನ್ನೆದುರು ನಿಂತು ಹೀಗೆ ಮುಖ ಎತ್ತಿದವರೆಲ್ಲರಿಗೂ ನಾನು ಋಣಿ.